ಡಾಕ್ಟರ ಪಕ್ಕದ ಕೋಣೆ

ಮನೆಯಿಂದ,
ಜೂನ್ ಹದಿನಾಲ್ಕು, ಶುಕ್ರವಾರ ಮಧ್ಯಾಹ್ನ

ಮಗಳೇ,

'ಪ್ರೀತಿಯ' ಎಂದು ಶುರು ಮಾಡುವುದು ವಾಡಿಕೆ. ಮೊದಲ ಹಾಳೆಯಲ್ಲಿ ಹಾಗೆಯೇ ಬರೆದಿದ್ದೆ. ಒಂಬತ್ತು ವರ್ಷ ಒಂದು ಸಾಲೂ ಬರೆಯದವಳು ಹಾಗೆ ಶುರು ಮಾಡಿದರೆ ಅಮ್ಮನಿಗೆ ಏನೋ ಬೇಕಾಗಿದೆ ಎಂದುಕೊಳ್ಳುತ್ತೀಯ. ಆ ಹಾಳೆ ಹರಿದು ಹೊಸದು ತೆಗೆದುಕೊಂಡೆ. ಹೇಗಿದ್ದೀಯ? ಬಟ್ಟೆ ಕಾರ್ಖಾನೆಯ ಆಫೀಸಿನಲ್ಲಿ ದಿನವಿಡೀ ಕೂತು ನಿನಗೆ ಬೆನ್ನುನೋವು ಹತ್ತಿದೆಯೆಂದು ನಿನ್ನ ಚಿಕ್ಕಮ್ಮ ಹೇಳಿದಳು. ನೆಟ್ಟಗೆ ಕೂರು ಎಂದು ನೀನು ಸ್ಕೂಲಿಗೆ ಹೋಗುವ ಕಾಲದಿಂದ ಬಡಿದುಕೊಂಡೆ, ಕೇಳಲಿಲ್ಲ. ಬಿಸಿನೀರಿನ ಶಾಖ ಕೊಟ್ಟುಕೋ, ದಿಂಬು ತೆಳ್ಳಗಿರಲಿ. ನಿನ್ನ ವಿಳಾಸ ಕೊಟ್ಟವಳೂ ಅವಳೇ. ನಿಮ್ಮಿಬ್ಬರ ನಡುವೆ ಹೋಗಿಬರುವ ಮಾತು ನನಗೆ ಗೊತ್ತಿಲ್ಲವೆಂದು ಅವಳು ಇಷ್ಟು ವರ್ಷ ನಂಬಿದ್ದಳು. ನನ್ನ ತಂಗಿ ಸುಳ್ಳು ಹೇಳುವಾಗ ಕಿವಿ ಮುಟ್ಟಿಕೊಳ್ಳುತ್ತಾಳೆ. ಅವಳಿಗೆ ಹಲ್ಲು ಬರುವ ಮುಂಚಿನಿಂದ ಅವಳನ್ನು ನೋಡುತ್ತಿರುವವಳು ನಾನು. ನಿಮ್ಮಪ್ಪನ ಎದುರಿಗೆ ಮಾತ್ರ ನಿನ್ನ ಹೆಸರು ಎತ್ತಕೂಡದೆಂದು ಅವಳಿಂದ ಮಾತು ತೆಗೆದುಕೊಂಡಿದ್ದೆ, ಪಾಪ, ಅದನ್ನು ಉಳಿಸಿಕೊಂಡಳು.

ಇಲ್ಲಿ ಎಲ್ಲರೂ ಇದ್ದೇವೆ. ವರ್ಕ್‌ಶಾಪ್ ಈಗ ನಿಮ್ಮಣ್ಣನ ಕೈಯಲ್ಲಿದೆ. ಬಾಗಿಲು ಕಿಟಕಿ ಚೆನ್ನಾಗಿಯೇ ಮಾಡುತ್ತಾನೆ, ಆದರೆ ನಿಮ್ಮಪ್ಪ ಮಾಡಿದ ಬಾಗಿಲು ಹಾಕಿದರೆ ಸದ್ದೇ ಆಗುತ್ತಿರಲಿಲ್ಲ, ಇವನದು ಬೀದಿಗೆಲ್ಲ ಕೇಳಿಸುತ್ತದೆ. ನಿಮ್ಮತ್ತಿಗೆ ನನ್ನ ಅಡುಗೆಮನೆಯ ಡಬ್ಬಗಳಿಗೆಲ್ಲ ಹೆಸರು ಬರೆದು ಚೀಟಿ ಅಂಟಿಸಿದ್ದಾಳೆ. ಉಪ್ಪಿನ ಮೇಲೆ ಉಪ್ಪು, ಸಕ್ಕರೆಯ ಮೇಲೆ ಸಕ್ಕರೆ. ನಲವತ್ತಮೂರು ವರ್ಷ ಚೀಟಿ ಇಲ್ಲದೆ ನಡೆದ ಅಡುಗೆಮನೆ ಈಗ ಔಷಧಿ ಅಂಗಡಿಯ ಹಾಗೆ ಕಾಣುತ್ತದೆ. ಅವಳು ಯಾಕೆ ಅಂಟಿಸಿದಳೆಂದು ಮುಂದೆ ಗೊತ್ತಾಗುತ್ತದೆ. ಜನವರಿಯಲ್ಲಿ ನನ್ನ ಬಲಗಣ್ಣಿನ ಪೊರೆ ತೆಗೆಸಿದರು. ಈಗ ಎಲ್ಲ ಕಾಣುತ್ತದೆ, ನೋಡಬೇಡವೆಂದುಕೊಂಡದ್ದೂ ಕಾಣುತ್ತದೆ. ನಿಮ್ಮಪ್ಪ ಇದ್ದಾರೆ, ಗಾಬರಿಯಾಗಬೇಡ. ಆದರೆ ಆ ಕಣ್ಣಿನ ಆಪರೇಷನ್ನಿನಿಂದಲೇ ಇದೆಲ್ಲ ಶುರುವಾದದ್ದು, ಆದ್ದರಿಂದ ಅಲ್ಲಿಂದಲೇ ಹೇಳುತ್ತೇನೆ.

ನನ್ನ ಕಣ್ಣಿಗೆ ಪಟ್ಟಿ ಕಟ್ಟಿದ ವಾರ ನಿಮ್ಮಪ್ಪನ ಸಕ್ಕರೆ ಕಾಯಿಲೆಗೆ ಹೊಸ ಮಾತ್ರೆ ಬಂತು. ದಿನಕ್ಕೆ ಒಂದು, ಬೆಳಿಗ್ಗೆ ತಿಂಡಿಯ ಜೊತೆ. ಅದರ ಹಾಳೆ ಬಿಳಿ, ಅಂಚು ನೀಲಿ. ಅವರು ಅದುವರೆಗೆ ಹೊಟ್ಟೆಗೆಂದು ದಿನಕ್ಕೆ ಮೂರು ಸಲ ನುಂಗುತ್ತಿದ್ದ ಮಾತ್ರೆಯ ಹಾಳೆಯೂ ಬಿಳಿ, ನೀಲಿ ಅಂಚು. ನಾನು ಒಂದು ಕಣ್ಣು ಮುಚ್ಚಿಕೊಂಡು ಇನ್ನೊಂದರಲ್ಲಿ ನೀರು ಸುರಿಸುತ್ತ ಮಲಗಿದ್ದೆ. ನಾಲ್ಕನೆಯ ದಿನ ಉಜ್ಜುಗೊರಡು ಹಿಡಿದುಕೊಂಡೇ ನಿಮ್ಮಪ್ಪ ಕೆಲಸದ ಮೇಜಿನ ಪಕ್ಕ ಕುಸಿದರು. ನಿಮ್ಮಣ್ಣ ಹೊತ್ತುಕೊಂಡು ಡಾಕ್ಟರ ಹತ್ತಿರ ಓಡಿದ. ಅದೇ ಡಾಕ್ಟರು, ನಿನಗೆ ದಡಾರ ಎದ್ದಾಗ ಮೂರು ದಿನ ಮನೆಗೇ ಬಂದು ನೋಡಿದವರು. ಸಕ್ಕರೆ ನೀರು ಕುಡಿಸಿ, ಸೂಜಿ ಚುಚ್ಚಿ ಎಬ್ಬಿಸಿದರು. ಒಂದು ವಾರ ಕಳೆದ ಮೇಲೆ ಇಬ್ಬರೂ ಬನ್ನಿ ಎಂದರು, ಹೋದೆವು.

ಆ ದಿನ ಡಾಕ್ಟರು ಹಾಳೆ ಎತ್ತಿ ಹಿಡಿದು ಕೇಳಿದರು, "ಇಷ್ಟು ದೊಡ್ಡದಾಗಿ ಬರೆದಿದೆಯಲ್ಲ ಯಜಮಾನ್ರೇ, ನೋಡ್ಲಿಲ್ವಾ?" ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿಬಿಟ್ಟರು, "ಕನ್ನಡಕ ಇರ್ಲಿಲ್ಲ ಡಾಕ್ಟ್ರೇ, ಈಗ್ಲೂ ಮನೇಲೇ ಮರೆತು ಬಂದೆ." ಕನ್ನಡಕ ಮೂಗಿನ ಮೇಲೆಯೇ ಇತ್ತು. ಡಾಕ್ಟರು ಆ ಕನ್ನಡಕವನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಎದ್ದು ಹೋಗಿ ಪಕ್ಕದ ಕೋಣೆಯ ಬಾಗಿಲು ತಟ್ಟಿದರು.

ಆ ಕೋಣೆ ನಿನಗೆ ನೆನಪಿರಬೇಕು. ಹಳೆಯ ಫೈಲುಗಳನ್ನೂ ಮುಳ್ಳು ಮುರಿದ ತೂಕದ ಯಂತ್ರವನ್ನೂ ಹಾಕಿ ಬೀಗ ಹಾಕಿರುತ್ತಿದ್ದರು. ಹೋದ ವರ್ಷ ಅದನ್ನು ಖಾಲಿ ಮಾಡಿ, ಸುಣ್ಣ ಬಳಿದು, ಒಬ್ಬ ಸಮಾಜ ಕಾರ್ಯಕರ್ತೆಯನ್ನು ತಂದು ಕೂರಿಸಿದ್ದಾರೆ. ಡಾಕ್ಟರು ರೋಗ ನೋಡುವುದು, ಇವಳು ರೋಗಿಯ ಮನೆ ನೋಡುವುದು, ಹಾಗಂತೆ ಹೊಸ ಏರ್ಪಾಡು. ನಿನ್ನ ವಯಸ್ಸಿನವಳು. ಕ್ಯಾನ್ವಾಸ್ ಶೂ ಹಾಕುತ್ತಾಳೆ, ಹೆಗಲಿಗೆ ಬಟ್ಟೆಯ ಚೀಲ. ಕೋಣೆಯಲ್ಲಿ ಮೂರು ಕುರ್ಚಿ, ಮೂರೂ ಒಂದೇ ಎತ್ತರ. ಮೇಜೇ ಇಲ್ಲ. ಮೇಜಿಲ್ಲದೆ ಕೂತು ಸಂಬಳದ ಕೆಲಸ ಮಾಡುವವರನ್ನು ನಾನು ಅಂದೇ ಮೊದಲು ನೋಡಿದ್ದು. ಕಿಟಕಿಯಲ್ಲಿ ಒಂದು ಗಿಡದ ಕುಂಡ ಇಟ್ಟುಕೊಂಡಿದ್ದಾಳೆ, ಅದಕ್ಕೂ ನೀರು ಸಾಲದೆ ಎಲೆ ಬಾಡಿತ್ತು. ಗಿಡಕ್ಕೆ ನೀರು ಹಾಕಲು ಬಾರದವಳು ನಮ್ಮ ಮನೆ ನೋಡಲು ಬಂದಳಲ್ಲ ಎಂದುಕೊಂಡೆ. ನಾನು ಎಂದಿನ ಹಾಗೆ ನಿಮ್ಮಪ್ಪನ ಪಕ್ಕ ಕೂತು ಹೇಳಲು ಶುರು ಮಾಡಿದೆ: ಇವರಿಗೆ ಹೊಟ್ಟೆಯದು ಹಳೆಯ ತೊಂದರೆ, ಸಕ್ಕರೆ ಬಂದು ಆರು ವರ್ಷ, ನಿದ್ದೆ ಚೆನ್ನಾಗಿದೆ. ಆ ಕ್ಲಿನಿಕ್ಕಿನಲ್ಲಿ ಇಷ್ಟು ವರ್ಷ ನಿಮ್ಮಪ್ಪನಿಗೆ ಎಲ್ಲಿ ನೋವು ಎಂದು ಹೇಳುತ್ತ ಬಂದವಳು ನಾನೇ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅಮ್ಮಾ, ಇದನ್ನೇ ಅವರ ಬಾಯಿಂದ ಕೇಳ್ಬೇಕು. ನೀವು ಸ್ವಲ್ಪ ಹೊರಗೆ ಕೂತಿರ್ತೀರಾ?" ಎಂದಳು. ಹೊರಗೆ. ನನ್ನನ್ನು. ಕೆಮ್ಮುವ ಮಕ್ಕಳೂ ಅವರ ತಾಯಂದಿರೂ ಕೂತಿದ್ದ ಬೆಂಚಿನ ಮೇಲೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಇಪ್ಪತ್ತೈದು ನಿಮಿಷ ಕೂತೆ. ಗೋಡೆಯ ಗಡಿಯಾರದ ಒಂದೊಂದು ನಿಮಿಷವೂ ನನಗೆ ನೆನಪಿದೆ.

ನಿಮ್ಮಪ್ಪ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದರು. ಮೆಟ್ಟಿಲು ಇಳಿಯುವಾಗ "ಹೇಳ್ಬಿಟ್ಟೆ ಕಣೇ" ಎಂದರು. ಬೀದಿಯ ತಿರುವು ಬಂದಾಗ ಮತ್ತೆ, "ಅವಳು ಕೇಳಿದ್ಲು, ಹೇಳ್ದೆ. ಇಷ್ಟು ವರ್ಷ ಯಾರೂ ಕೇಳಿರ್ಲಿಲ್ಲ" ಎಂದರು. ಯಾರೂ ಕೇಳಿರಲಿಲ್ಲ ನಿಜ. ಕೇಳುವ ಸಂದರ್ಭವೇ ಬಾರದ ಹಾಗೆ ನೋಡಿಕೊಂಡವಳು ಯಾರು?

ಈಗ ನಿನಗೂ ಹೇಳಬೇಕು. ನಿಮ್ಮಪ್ಪನಿಗೆ ಓದಲು ಬರುತ್ತಿರಲಿಲ್ಲ. ಅಂಕಿ ಬರುತ್ತಿತ್ತು, ಅಳತೆಯಲ್ಲಿ ಕೂದಲೆಳೆ ತಪ್ಪುತ್ತಿರಲಿಲ್ಲ. ಅಕ್ಷರ ಮಾತ್ರ ಒಂದೂ ಇಲ್ಲ. ಏಳನೆಯ ವಯಸ್ಸಿಗೆ ಸ್ಕೂಲು ಬಿಡಿಸಿ ಅವರ ಕೈಗೆ ಉಳಿ ಕೊಟ್ಟಿದ್ದರು. ನಮಗೆ ಮದುವೆಯಾದ ಹೊಸತರಲ್ಲಿ ನನ್ನ ಅಪ್ಪನಿಂದ ಕಾಗದ ಬಂದರೆ, "ನೀನೇ ಓದು, ನಿನ್ನ ದನಿಯಲ್ಲಿ ಕೇಳಿದ್ರೇ ಚಂದ" ಎನ್ನುತ್ತಿದ್ದರು. ಪ್ರೀತಿ ಎಂದುಕೊಂಡು ಎರಡು ತಿಂಗಳು ಹಿಗ್ಗಿದೆ. ಗೊತ್ತಾದ ದಿನ ಅಳಲಿಲ್ಲ. ಹೈಸ್ಕೂಲು ಮುಗಿಸಿದವಳು ನಾನು, ನಮ್ಮ ಬೀದಿಯ ಹೆಂಗಸರಲ್ಲಿ ಒಬ್ಬಳೇ. ಒಂದು ಮನೆಗೆ ಒಬ್ಬರು ಓದಿದರೆ ಸಾಕು, ಆದರೆ ಹೊರಗಿನವರಿಗೆ ಗೊತ್ತಾಗಕೂಡದು ಎಂದೆ. ಸಹಿ ಹಾಕುವುದನ್ನು ಕಲಿಸಿದೆ, ಚಿತ್ರ ಬರೆದ ಹಾಗೆ ಕಲಿತರು. ಬೆಳಿಗ್ಗೆ ಪೇಪರು ನೆಟ್ಟಗೆ ಹಿಡಿದು ಕೂರುವುದನ್ನೂ ನಾನೇ ಕಲಿಸಿದ್ದು. ನಿನ್ನ ಮಾರ್ಕ್ಸ್ ಕಾರ್ಡಿನ ಮೇಲೆ ಅವರು ಬೆರಳಾಡಿಸಿ "ಇದ್ಯಾಕೆ ಐವತ್ತೆರಡು?" ಎಂದು ಕೇಳುತ್ತಿದ್ದದ್ದು ನಿಜವಾದ ಓದು, ಯಾಕೆಂದರೆ ಅದು ಅಂಕಿ. ಯಾವ ವಿಷಯದಲ್ಲಿ ಐವತ್ತೆರಡು ಎಂದು ಎಂದಾದರೂ ಕೇಳಿದ್ದರಾ, ನೆನಪು ಮಾಡಿಕೋ. ಮಲಗುವಾಗ ನಿನಗೆ ಓದಿ ಹೇಳುತ್ತಿದ್ದ ಹಸಿರು ರಟ್ಟಿನ ಪುಸ್ತಕ ಒಂದೇ, ಕಥೆ ಮಾತ್ರ ದಿನಕ್ಕೊಂದು. "ಅಪ್ಪ ಓದಿದ್ರೆ ಆ ಪುಸ್ತಕ ಮುಗಿಯೋದೇ ಇಲ್ಲ, ಅಮ್ಮ ಓದಿದ್ರೆ ಬೇಗ ಮುಗಿದುಹೋಗತ್ತೆ" ಎಂದು ನೀನು ನನ್ನ ಮೇಲೆ ದೂರು ಹೇಳುತ್ತಿದ್ದೆ. ನಾನು ಅದರಲ್ಲಿ ಇದ್ದದ್ದನ್ನು ಓದುತ್ತಿದ್ದೆ, ಅಷ್ಟೇ.

ಆ ಪಕ್ಕದ ಕೋಣೆಯವಳು ಮುಂದಿನ ವಾರ ಮನೆಗೇ ಬಂದಳು. ಶೂ ಬಾಗಿಲ ಬಳಿ ಬಿಟ್ಟಳು, ಅಷ್ಟು ತಿಳಿವಳಿಕೆ ಇದೆ. ಏಳು ದಿನಕ್ಕೆ ಏಳು ಸಾಲು, ಸಾಲಿಗೆ ಮೂರು ಖಾನೆ ಇರುವ ಡಬ್ಬಿ ತಂದಿದ್ದಳು. ಖಾನೆಗಳ ಮೇಲೆ ಬೆಳಿಗ್ಗೆಗೆ ಸೂರ್ಯ, ಸಂಜೆಗೆ ಅರ್ಧ ಸೂರ್ಯ, ರಾತ್ರಿಗೆ ಚಂದ್ರ ಬರೆದಿದ್ದಳು. ಅರವತ್ತೊಂಬತ್ತು ವರ್ಷದ ಗಂಡಸಿಗೆ ಅಂಗನವಾಡಿಯ ಚಿತ್ರ! ನಾನೇ ಕೊಡುತ್ತೇನಲ್ಲ ಮಾತ್ರೆ, ಇದೆಲ್ಲ ಯಾಕೆ ಎಂದೆ. ಮತ್ತೆ ನಿಮಗೆ ಹುಷಾರಿಲ್ಲದಿದ್ದರೆ ಎಂದು ಕೇಳಿದಳು. ನನಗೆ ಹುಷಾರು ತಪ್ಪುವುದಿಲ್ಲ ಎಂದೆ, ಕಣ್ಣಿನ ಪಟ್ಟಿಯ ಹಿಂದಿನಿಂದ. ಅಲ್ಲೇ ಇದ್ದ ನಿಮ್ಮಣ್ಣನಿಗೂ ಅತ್ತಿಗೆಗೂ ಅಂದು ವಿಷಯ ಗೊತ್ತಾಯಿತು. ಅವನು, "ಅದಕ್ಕೇನಾ ಅಳತೆ ಬುಕ್ಕು ಯಾವಾಗ್ಲೂ ನನ್ನ ಕೈಲೇ ಬರೆಸ್ತಿದ್ದಿದ್ದು" ಎಂದ. ನಿಮ್ಮಪ್ಪ ನಕ್ಕುಬಿಟ್ಟರು. ನಗುವ ವಿಷಯವೇ ಅದು? ಮಂಗಳವಾರ ಮಧ್ಯಾಹ್ನ ಡಾಕ್ಟರೂ ಅವಳೂ ಚಹಾ ಇಟ್ಟುಕೊಂಡು ಕೂತು ಒಬ್ಬೊಬ್ಬರ ಫೈಲು ತೆಗೆದು ಮಾತಾಡುತ್ತಾರಂತೆ, ಯಾರಿಗೆ ಮಾತ್ರೆ ಬದಲಿಸಬೇಕು, ಯಾರ ಮನೆಗೆ ಹೋಗಿ ನೋಡಬೇಕು ಎಂದು. ನಲವತ್ತಮೂರು ವರ್ಷ ನಾನು ಮುಚ್ಚಿಟ್ಟದ್ದು ಅವರ ಚಹಾದ ಜೊತೆಗೆ ಬಿಸ್ಕತ್ತಾಯಿತು.

ಮಾತ್ರೆಗೇ ನಿಂತಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಕ್ಲಿನಿಕ್ಕಿನ ಹಿಂದೆ ಲಸಿಕೆಯ ಫ್ರಿಜ್ಜು ಇಡುವ ಹಾಲ್‌ನಲ್ಲಿ ಮಂಗಳವಾರ, ಶುಕ್ರವಾರ ದೊಡ್ಡವರಿಗೆ ಓದು ಕಲಿಸುವ ತರಗತಿ ಏರ್ಪಾಡು ಮಾಡಿದ್ದಾಳೆ. ಔಷಧಿಯ ಮೇಲೆ ಬರೆದದ್ದನ್ನು ಓದಲಾರದವರಿಗೆ ಔಷಧಿ ಕೊಟ್ಟು ಏನು ಪ್ರಯೋಜನ ಎಂದು ಡಾಕ್ಟರಿಗೂ ಅವಳಿಗೂ ಒಟ್ಟಿಗೇ ಹೊಳೆಯಿತಂತೆ. ಕಲಿಸುವವರು ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ಕಲಿಯುವವರು ಆರು ಜನ. ನಿಮ್ಮಪ್ಪ ಹೋಗುವುದಿಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಮೊದಲ ದಿನವೇ ಬೇಗ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಶರ್ಟು ಹಾಕಿ, ಕಿವಿಯ ಹಿಂದೆ ಬಡಗಿಯ ಪೆನ್ಸಿಲು ಸಿಕ್ಕಿಸಿಕೊಂಡು ಹೊರಟರು. ಸಂಜೆ ಬಂದು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ವಾರದ ಹೆಸರು ಒಂದೊಂದೇ ಕೂಡಿಸಿಕೊಂಡು ಓದುತ್ತಾರೆ. ಊಟದ ನಡುವೆ ಡಬ್ಬದ ಚೀಟಿ ಓದುತ್ತಾರೆ. ಆ ಚೀಟಿಗಳು ಬಂದದ್ದು ಹಾಗೆ, ಮಾವ ಅಭ್ಯಾಸ ಮಾಡಲಿ ಎಂದು ನಿಮ್ಮತ್ತಿಗೆಯ ಉಪಕಾರ. ಬೀದಿಯಲ್ಲಿ ನಿಂತು ಅಂಗಡಿಯ ಬೋರ್ಡು ಓದುತ್ತಾರೆ, ಗಟ್ಟಿಯಾಗಿ, ಜನ ತಿರುಗಿ ನೋಡುವಷ್ಟು. ನಾನು ನಾಲ್ಕು ಹೆಜ್ಜೆ ಮುಂದೆ ನಡೆಯುತ್ತೇನೆ.

ಇಷ್ಟಕ್ಕೆಲ್ಲ ಅಮ್ಮನಿಗೆ ಯಾಕೆ ಇಷ್ಟು ಸಿಟ್ಟು ಎಂದು ನೀನು ಕೇಳುತ್ತೀಯ. ಹೇಳುತ್ತೇನೆ. ಏಪ್ರಿಲ್‌ನಲ್ಲಿ ಒಂದು ಮಂಗಳವಾರ ಅವರು ನಿಜವಾಗಿಯೂ ಕನ್ನಡಕ ಮರೆತು ಹೋದರು. ಕೊಡಲು ಹೋದೆ. ತರಗತಿ ಇನ್ನೂ ಶುರುವಾಗಿರಲಿಲ್ಲ. ಫ್ರಿಜ್ಜಿನ ಪಕ್ಕದ ಗೋಡೆಯ ಮೇಲೆ ಆರು ಕಾರ್ಡು ಅಂಟಿಸಿದ್ದರು. ನೀವು ಏನು ಓದಬೇಕೆಂದು ಬಂದಿದ್ದೀರಿ ಎಂದು ಮೊದಲ ದಿನವೇ ಕೇಳುತ್ತಾರಂತೆ. ಅದನ್ನು ಅವರವರ ಕೈಯಲ್ಲೇ ಬರೆಸಿ ಅಂಟಿಸುತ್ತಾರಂತೆ, ಎಷ್ಟು ತಿಂಗಳು ಹಿಡಿದರೂ ಸರಿ. ಒಬ್ಬರದು ಬಸ್ಸಿನ ಬೋರ್ಡು. ಒಬ್ಬಳದು ಮಗುವಿನ ಔಷಧಿ. ಮೂರನೆಯದು ಬಡಗಿಯ ಪೆನ್ಸಿಲಿನಲ್ಲಿ, ದಪ್ಪಕ್ಕೆ, ಅಳತೆಪಟ್ಟಿ ಇಟ್ಟು ಗೀಟು ಎಳೆದು ಬರೆದದ್ದು: ಮಗಳ ಕಾಗದ.

ನೀನು ಮನೆ ಬಿಟ್ಟು ಆರು ತಿಂಗಳಿಗೆ ನಿಮ್ಮಪ್ಪನಿಗೆ ಬರೆದ ಕಾಗದ. ನಾನು ಗೊತ್ತು ಮಾಡಿದ ಮದುವೆಯನ್ನು ಒಂದು ವಾರ ಇರುವಾಗ ಮುರಿದು, ಗಂಡಿನ ಮನೆಯವರ ಮುಂದೆ ನನ್ನನ್ನು ಒಬ್ಬಳನ್ನೇ ನಿಲ್ಲಿಸಿ ನೀನು ಬಸ್ಸು ಹತ್ತಿದ್ದೆ. ಈ ಹೊಸ್ತಿಲು ಇನ್ನು ನಿನ್ನದಲ್ಲ ಎಂದು ನಾನು ಹೇಳಿದ್ದೆ, ಹೇಳಿದ್ದನ್ನು ಇಲ್ಲ ಎನ್ನುವವಳಲ್ಲ. ಆ ಕಾಗದದ ಮೊದಲ ಸಾಲು ಏನೆಂದು ನಿನಗೆ ಗೊತ್ತು. ಅದನ್ನು ಓದಿದ ಮೇಲೆ ನನ್ನ ಮೈಯಲ್ಲಿ ಬೆಂಕಿ ಹತ್ತಿತು. ನಿಮ್ಮಪ್ಪ ಎದುರಿಗೇ ಕೂತಿದ್ದರು, ಕೈಯ ಮರದ ಪುಡಿ ಒರೆಸಿಕೊಂಡು, ಮಗಳು ಏನು ಬರೆದಿದ್ದಾಳೆ ಎಂದು ಕಾಯುತ್ತ. ನೀನು ಬರೆದದ್ದು: "ಅಮ್ಮನನ್ನು ನಾನು ಕೇಳುವುದಿಲ್ಲ, ನೀನು ಹೇಳು ಅಪ್ಪಾ, ಬಾ ಎಂದು ಒಂದೇ ಅಕ್ಷರ ಬರೆದು ಹಾಕು, ಬರುತ್ತೇನೆ. ಬರೆಯದಿದ್ದರೆ ಅದೇ ನಿನ್ನ ಉತ್ತರ ಎಂದುಕೊಳ್ಳುತ್ತೇನೆ." ನಾನು ಓದಿದ್ದು ಹೀಗೆ: "ಅಪ್ಪಾ, ನಾನು ಚೆನ್ನಾಗಿದ್ದೇನೆ. ಇಲ್ಲಿ ಕೆಲಸ ಸಿಕ್ಕಿದೆ. ನನ್ನ ದಾರಿ ನಾನು ನೋಡಿಕೊಂಡಿದ್ದೇನೆ. ನನ್ನನ್ನು ಹುಡುಕಿಕೊಂಡು ಬರಬೇಡ, ಬರೆಯಬೇಡ. ನಿನ್ನ ಆರೋಗ್ಯ ನೋಡಿಕೋ." ಕೊನೆಯ ಮಾತು ಅವರ ಮುಖ ನೋಡಿ ಸೇರಿಸಿದ್ದು.

ಅವರು ಅದನ್ನು ನಂಬಿದರು. ಮಗಳು ಬೇಡವೆಂದ ಮೇಲೆ ಹೋಗಿ ಅವಳಿಗೆ ಯಾಕೆ ತೊಂದರೆ ಕೊಡುವುದು ಎಂದರು. ನಿಮ್ಮಣ್ಣನಿಗೂ ಅದನ್ನೇ ಹೇಳಿದರು, ಅವನೂ ನಿನ್ನ ಮೇಲೆ ಮುನಿಸಿಕೊಂಡ. ಕಾಗದವನ್ನು ತಮ್ಮ ತೇಗದ ಪೆಟ್ಟಿಗೆಯಲ್ಲಿ ಉಳಿಗಳ ಕೆಳಗೆ ಇಟ್ಟುಕೊಂಡರು. ವರ್ಷಕ್ಕೊಮ್ಮೆ ನೀನು ಹುಟ್ಟಿದ ದಿನ ಅದನ್ನು ತೆಗೆದು ನನ್ನ ಕೈಗೆ ಕೊಟ್ಟು ಓದಿಸುತ್ತಿದ್ದರು. ಅಕ್ಷರ ಬಾರದವರ ಕಿವಿ ನಿನಗೆ ಗೊತ್ತಿಲ್ಲ, ಒಂದು ಮಾತು ಆಚೀಚೆ ಆದರೆ ಹಿಡಿಯುತ್ತಾರೆ. ಎರಡನೆಯ ವರ್ಷ 'ಮೈ ನೋಡಿಕೋ' ಎಂದು ಬಾಯಿ ತಪ್ಪಿತು, "ಹೋದ್ಸಲ ಆರೋಗ್ಯ ಅಂದಿದ್ದೆ" ಎಂದರು. ಅಂದಿನಿಂದ ಸ್ಕೂಲಿನ ಪದ್ಯದ ಹಾಗೆ ಬಾಯಿಪಾಠ ಮಾಡಿಕೊಂಡೆ. ಇನ್ನೊಂದು ವರ್ಷ ಹಾಳೆಯನ್ನು ಗೇಣಿನಲ್ಲಿ ಅಳೆದು, "ಎರಡು ಪುಟ ತುಂಬ ಬರ್ದಿದ್ದಾಳೆ, ನೀನು ಇಷ್ಟು ಬೇಗ ಮುಗಿಸ್ತೀಯಲ್ಲೇ" ಎಂದರು. ಅವಳ ಅಕ್ಷರ ದೊಡ್ಡದು ಎಂದೆ. ಒಟ್ಟು ಒಂಬತ್ತು ಸಲ ಓದಿದ್ದೇನೆ. ಈಗ ನೀನು ನಿಮ್ಮಪ್ಪನ ಮೇಲೆ ಇಟ್ಟುಕೊಂಡ ಸಿಟ್ಟನ್ನು ತೆಗೆದು ಯಾರ ಮೇಲೆ ಹಾಕಬೇಕೋ ಅವರ ಮೇಲೆ ಹಾಕು. ನಾನು ಕ್ಷಮೆ ಕೇಳಲು ಬರೆಯುತ್ತಿಲ್ಲ. ಆ ಮದುವೆ ಮುರಿದ ದಿನ ನಾನು ನಿಂತ ಹಾಗೆ ನೀನು ಒಂದು ದಿನವೂ ನಿಂತಿಲ್ಲ.

ಕಾರ್ಡು ನೋಡಿದ ದಿನ ನೇರವಾಗಿ ಅವಳ ಕೋಣೆಗೆ ಹೋದೆ. ತರಗತಿ ನಿಲ್ಲಿಸಿ, ಇವರಿಗೆ ತಲೆನೋವು ಬರುತ್ತಿದೆ ಎಂದೆ. ಬಂದರೆ ಡಾಕ್ಟರಿಗೆ ತೋರಿಸೋಣ ಎಂದಳು. ಅವರು ನಿನ್ನ ಹತ್ತಿರ ಏನು ಹೇಳಿದ್ದಾರೆ, ಯಾವ ಕಾಗದ, ಎಲ್ಲ ನನಗೆ ಗೊತ್ತಾಗಬೇಕು, ನಾನು ಅವರ ಹೆಂಡತಿ ಎಂದೆ. "ಅವ್ರು ಹೇಳಿದ್ದು ಅವ್ರದು ಅಮ್ಮಾ. ನೀವು ಹೇಳೋದೂ ನಿಮ್ಮದೇ, ನಾಳೆ ಅವ್ರು ಬಂದು ಕೇಳಿದ್ರೂ ನಾನು ಹೇಳಲ್ಲ" ಎಂದಳು. ಎಷ್ಟು ಸೊಕ್ಕು ನೋಡು. ಸಂಸಾರದ ಒಳಗೆ ಗೋಡೆ ಕಟ್ಟುವುದೇ ನಿಮ್ಮ ಕೆಲಸವಾ ಎಂದು ರೇಗಿದೆ. ಅವಳು ಸಿಟ್ಟು ಮಾಡಿಕೊಳ್ಳಲಿಲ್ಲ, ಅದೇ ಇನ್ನೂ ಸಿಟ್ಟು ತರಿಸಿತು. "ಅವ್ರಿಗೆ ಓದು ಬಂದ್ರೆ ನಿಮಗೆ ಏನಾಗತ್ತೆ?" ಎಂದು ಕೇಳಿದಳು. ನನ್ನ ಕೆಲಸ ಹೋಗತ್ತೆ ಎಂದುಬಿಟ್ಟೆ. ಬಾಯಿಂದ ಬಂದ ಮೇಲೆ ನನಗೇ ಗೊತ್ತಾದದ್ದು. ಅವಳು ಬರೆಯುತ್ತಿದ್ದ ಪೆನ್ನಿಗೆ ಮುಚ್ಚಳ ಹಾಕಿ ಚೀಲದೊಳಗೆ ಇಟ್ಟಳು. ಸಮಾಧಾನ ಹೇಳಲಿಲ್ಲ. ಕುಡಿಯಲು ನೀರು ಕೊಡಲಾ ಎಂದಳು. ನೀರನ್ನು ಆ ಗಿಡಕ್ಕೆ ಹಾಕು ಎಂದು ಹೇಳಿ ಎದ್ದು ಬಂದೆ. ಮುಂದಿನ ಸಲ ಹೋದಾಗ ಗಿಡ ಚಿಗುರಿತ್ತು. ಹೌದು, ಮುಂದಿನ ಸಲವೂ ಹೋದೆ, ಜಗಳ ಪೂರ್ತಿಯಾಗಿರಲಿಲ್ಲ. ನಾಲ್ಕು ಸಲ ಹೋಗಿದ್ದೇನೆ. ಕಾಗದದ ವಿಷಯ ಅವಳಿಗೆ ಹೇಳಿಲ್ಲ. ಅದು ನಿನ್ನದು, ಮೊದಲು ನಿನಗೇ ಹೇಳಬೇಕಾದದ್ದು ಎಂದು ಅವಳು ಕಲಿಸಿ ನಾನು ಕಲಿಯಬೇಕಾಗಿಲ್ಲ.

ನಿಮ್ಮಪ್ಪ ಆ ಕಾಗದವನ್ನು ನಿಮ್ಮಣ್ಣನಿಗೆ ಕೊಟ್ಟಿದ್ದರೆ ಎರಡು ನಿಮಿಷದಲ್ಲಿ ಎಲ್ಲ ಮುಗಿದುಹೋಗುತ್ತಿತ್ತು. ಈಗ ಅವನಿಂದ ಮುಚ್ಚಿಡುವುದೇನೂ ಉಳಿದಿಲ್ಲವಲ್ಲ, ಅವನ ಕೈಯಲ್ಲೇ ಓದಿಸಿ ಎಂದು ನಾನೇ ಒಂದು ದಿನ ಹೇಳಿ ನೋಡಿದೆ, ಕಾಯುವ ಹಿಂಸೆ ತಾಳಲಾರದೆ. "ಇನ್ನೊಬ್ಬರ ಬಾಯಿಂದ ಕೇಳಿದ್ದು ಸಾಕು" ಎಂದರು. ಅಷ್ಟೇ ಎಂದರು, ನನ್ನ ಮುಖ ನೋಡದೆ. ಅವರಿಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎಂದು ನಲವತ್ತಮೂರು ವರ್ಷದಲ್ಲಿ ಮೊದಲ ಸಲ ನನಗೆ ಗೊತ್ತಾಗುತ್ತಿಲ್ಲ. ಹೋದ ಶುಕ್ರವಾರ ಅವರು ತರಗತಿಗೆ ಹೋದಾಗ ಪೆಟ್ಟಿಗೆ ತೆಗೆದೆ. ಬೀಗ ಇಲ್ಲ, ಎಂದೂ ಹಾಕಿದವರಲ್ಲ. ಕಾಗದ ತೆಗೆದುಕೊಂಡು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದೆ. ಉರಿ ನೋಡುತ್ತ ನಿಂತೆ. ಸುಟ್ಟಿದ್ದರೆ ಅವರು ಏನೂ ಕೇಳುತ್ತಿರಲಿಲ್ಲ, ಆ ಮನುಷ್ಯನನ್ನು ಬಲ್ಲೆ. ಗೋಡೆಯ ಮೇಲಿನ ಕಾರ್ಡನ್ನು ಮಾತ್ರ ತಾವೇ ಹೋಗಿ ಕಿತ್ತು ಮಡಿಸಿ ಜೇಬಿಗೆ ಹಾಕಿಕೊಂಡು ಬರುತ್ತಿದ್ದರು. ಅದೊಂದು ಕಣ್ಣಿಗೆ ಕಟ್ಟಿತು. ಅದೇ ಒಲೆಯ ಮೇಲೆ ಕಾಫಿಗೆ ನೀರಿಟ್ಟೆ. ಕಾಗದವನ್ನು ಉಳಿಗಳ ಕೆಳಗೆ, ಇದ್ದ ಮಡಿಕೆಯಲ್ಲೇ ಇಟ್ಟೆ.

ಇಷ್ಟು ಬರೆಯುವಷ್ಟರಲ್ಲಿ ಕೈ ನೋಯುತ್ತಿದೆ. ಅವರು ಬರುವ ಹೊತ್ತಾಯಿತು. ನಿಮ್ಮತ್ತಿಗೆ ನಿನ್ನನ್ನು ಕೇಳಿದೆನೆಂದು ಬರೆಯಲು ಹೇಳಿದ್ದಾಳೆ. ಯಾರಿಗೆ ಬರೆಯುತ್ತಿದ್ದೇನೆ ಎಂದು ನಾನು ಹೇಳಿರಲಿಲ್ಲ, ಹೇಗೆ ಊಹಿಸಿದಳೋ. ಬೆನ್ನನ್ನು ಡಾಕ್ಟರಿಗೆ ತೋರಿಸು. ಅಲ್ಲಿಯೂ ಪಕ್ಕದ ಕೋಣೆಯೊಂದು ಇದ್ದರೆ, ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ಒಳ್ಳೆಯದಾಗಲಿ ಎಂದು ನಾನು ದಿನವೂ ಅಂದುಕೊಳ್ಳುತ್ತ ಬಂದಿದ್ದೇನೆ, ಸಿಟ್ಟಿದ್ದ ದಿನವೂ.

ಇಂತಿ,
ನಿನ್ನ ಅಮ್ಮ

ಮತ್ತೆ ಸೇರಿಸಿದ್ದು: ಸಂಜೆ ಐದು ಗಂಟೆ. ಲಕೋಟೆ ಅಂಟಿಸುವಷ್ಟರಲ್ಲಿ ಅವರು ಬಂದರು. ಕಾಫಿಯನ್ನೂ ಕುಡಿಯದೆ ಪೆಟ್ಟಿಗೆ ತೆಗೆದು, ನನ್ನ ಎದುರಿನ ಕುರ್ಚಿಯಲ್ಲೇ ಕೂತು ನಿನ್ನ ಕಾಗದ ಬಿಚ್ಚಿದರು. ಸಾಲಿನ ಕೆಳಗೆ ಉಕ್ಕಿನ ಅಳತೆಪಟ್ಟಿ ಇಟ್ಟುಕೊಂಡು ಒಂದೊಂದೇ ಅಕ್ಷರ ಕೂಡಿಸಿದರು. ಹತ್ತು ನಿಮಿಷ ಹಿಡಿಯಿತು. ಗಟ್ಟಿಯಾಗಿಯೇ ಓದಿದರು: "ಅಪ್ಪಾ, ಇದನ್ನು ಅಮ್ಮನ ಎದುರಿಗೆ ಓದಬೇಡ." ಅವರು ನನ್ನನ್ನು ಬೈಯಲಿಲ್ಲ. "ಅವಳು ಬೇಡ ಅಂದಿದ್ದಾಳೆ" ಎಂದು ಹೇಳಿ, ಕಾಗದ ಮಡಿಸಿ, ಕುರ್ಚಿ ಎತ್ತಿಕೊಂಡು ಜಗುಲಿಗೆ ಹೋಗಿ ಬೆನ್ನು ತಿರುಗಿಸಿ ಕೂತಿದ್ದಾರೆ. ಎರಡನೆಯ ಸಾಲು ಕೂಡಿಸುತ್ತಿರುವುದು ಕಿಟಕಿಯಿಂದ ಕೇಳಿಸುತ್ತಿದೆ. ದಿನಕ್ಕೆ ಎರಡು ಸಾಲಿಗಿಂತ ಹೆಚ್ಚು ಆಗುವುದಿಲ್ಲ. ಒಂದೇ ಅಕ್ಷರ ಬರೆದು ಹಾಕು ಎಂದು ನೀನು ಕೇಳಿದ ಸಾಲು ಎರಡನೆಯ ಪುಟದಲ್ಲಿ, ಮೇಲಿನಿಂದ ಏಳನೆಯದು. ನನಗೆ ಲೆಕ್ಕ ಗೊತ್ತು, ಇನ್ನು ಹನ್ನೊಂದು ದಿನ. ಅವರು ಅದನ್ನು ಓದಿ ತಲೆ ಎತ್ತಿದಾಗ ಎದುರಿಗೆ ನಾನೊಬ್ಬಳೇ ಇರಬಾರದು. ಆ ಅಕ್ಷರವನ್ನು ಅವರು ಈಗ ಬರೆಯಬಲ್ಲರು, ಬರೆಯುತ್ತಾರೆ, ಅಷ್ಟರವರೆಗೆ ಕಾಯಬೇಡ. ಅವರಿಗಿಂತ ಮೊದಲು ನಾನು ಬರೆಯುತ್ತಿದ್ದೇನೆ. ಬಾ.